ಹೆಸರಿಗೆ ಹಚ್ಚಿದ ಉಪ್ಪುಖಾರ

ಫೆಬ್ರುವರಿ 15 ಬಂತೆಂದರೆ ನಮ್ಮ ಕಡೆ ಒಂದು ಮಾತು ಕೇಳಿಯೇ ತೀರಬೇಕು. ಇಂಡಿ ಇರಲಿ, ಸಿಂದಗಿ ಇರಲಿ, ಮುದ್ದೇಬಿಹಾಳ ಇರಲಿ, ಬಸವನ ಬಾಗೇವಾಡಿ ಇರಲಿ, ಸಂತ ಸೇವಾಲಾಲರ ಜಯಂತಿಯ ಪೆಂಡಾಲಿನಲ್ಲಿ ಉಪನ್ಯಾಸಕ್ಕೆ ಕರೆಸಿದವರು ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ಲವಣ ಅಂದರೆ ಉಪ್ಪು. ಲವಣ ಹೊತ್ತು ಮಾರಿದವರೇ ಲಂಬಾಣಿ" ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಶಾಲು ಹೊದಿಸುತ್ತಾರೆ. ನಾನೂ ಒಮ್ಮೆ ಹೀಗೆ ಹೇಳಿ ಶಾಲು ಹೊದಿಸಿಕೊಂಡವನೇ. ಆ ಶಾಲಿನ ಋಣ ತೀರಿಸಲಿಕ್ಕೆ ಈ ಲೇಖನ ಅಂತ ಬೇಕಾದರೆ ತಿಳಿದುಕೊಳ್ಳಿ.

ಉಪ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಉಪ್ಪಿನ ನಂತರ ಬರುವ ವಾಕ್ಯದ ಮೇಲೆ. "ಆದ್ದರಿಂದ ಇವರು ಮೂಲತಃ ರಾಜಸ್ಥಾನದ ವ್ಯಾಪಾರಿಗಳು." ಅದರ ಬೆನ್ನಿಗೇ ಇನ್ನೊಂದು: "ಆದ್ದರಿಂದ ಇವರು ಕ್ಷತ್ರಿಯರು." ಪೆಂಡಾಲು ಬಿಚ್ಚಿ ಆರು ತಿಂಗಳಾಗುವುದರೊಳಗೆ ಇನ್ನೊಬ್ಬರು ಇನ್ನೊಂದು ಕಡೆ ಕೂತು ಇದೇ ಮಾತಿನ ಬಾಲ ಹಿಡಿದು, "ವ್ಯಾಪಾರಿಗಳಾಗಿದ್ದರು ಅಂದಮೇಲೆ ಅಸ್ಪೃಶ್ಯರು ಹೇಗೆ? ಪರಿಶಿಷ್ಟರ ಪಟ್ಟಿಯಲ್ಲಿ ಇವರಿಗೇನು ಕೆಲಸ?" ಅಂತ ಅರ್ಜಿ ಬರೆಯುತ್ತಾರೆ. ಹೊಗಳಲಿಕ್ಕೆ ಬಂದವರೂ ತೆಗಳಲಿಕ್ಕೆ ಬಂದವರೂ ಒಂದೇ ನಿಘಂಟು ಹಿಡಿದಿದ್ದಾರೆ ಅಂದಾಗ ಆ ನಿಘಂಟನ್ನು ಸ್ವಲ್ಪ ತೆರೆದು ನೋಡಬೇಕಾಗುತ್ತದೆ.

ಲವಣದಿಂದ ಲಮಾಣ ಆಗಲಾರದು ಅಂತ ನಾನು ಹೇಳುವುದಿಲ್ಲ. ಆಗಬಹುದು. ಗ್ರಾಮ ಹೋಗಿ ಮರಾಠಿಯಲ್ಲಿ ಗಾಂವ ಆಗಿದೆ, ವಕಾರ ಮಕಾರಗಳು ಒಂದರ ಮನೆಗೊಂದು ಹೋಗಿಬರುವುದು ನಮ್ಮ ಭಾಷೆಗಳಲ್ಲಿ ಹೊಸದಲ್ಲ. ಪಂಜಾಬಿನ ಲಬಾಣಾ ಜನರ ಹೆಸರಿಗೂ ಇದೇ ಉಪ್ಪಿನ ಕತೆ ಹೇಳುತ್ತಾರೆ. ಆದರೆ "ಆಗಬಹುದು" ಮತ್ತು "ಆಯಿತು" ಇವುಗಳ ನಡುವೆ ದಾಟಬೇಕಾದ ಹೊಳೆ ಒಂದಿದೆ, ನಮ್ಮ ಉಪನ್ಯಾಸಕರು ಅದನ್ನು ಚಪ್ಪಾಳೆಯ ದೋಣಿಯಲ್ಲಿ ದಾಟಿಬಿಡುತ್ತಾರೆ.

ಈ ಜನ ಏನು ಹೊರುತ್ತಿದ್ದರು ಅನ್ನುವುದಕ್ಕೆ ಕಣ್ಣಾರೆ ಕಂಡವರ ಸಾಕ್ಷಿ ಇದೆ. ಪೀಟರ್ ಮಂಡಿ ಎಂಬ ಇಂಗ್ಲಿಷ್ ಕಂಪನಿಯ ನೌಕರ 1632ರಲ್ಲಿ ಆಗ್ರಾದಿಂದ ಪಾಟ್ನಾಕ್ಕೆ ಹೋಗುವಾಗ ದಾರಿಯಲ್ಲಿ ಒಂದು ತಾಂಡಾ ಎದುರಾಯಿತು. 14,000 ಎತ್ತುಗಳಿದ್ದವು ಅಂತ ಬರೆದಿಟ್ಟಿದ್ದಾನೆ. ಅವುಗಳ ಬೆನ್ನ ಮೇಲಿದ್ದದ್ದು ಧಾನ್ಯ. ಅದೇ ಶತಮಾನದಲ್ಲಿ ಗೋಲ್ಕೊಂಡೆಯ ವಜ್ರದ ಗಣಿಗಳ ತನಕ ಓಡಾಡಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಇನ್ನೂ ವಿವರವಾಗಿ ಹೇಳುತ್ತಾನೆ: ಇವರಲ್ಲಿ ನಾಲ್ಕು ಪಂಗಡ, ಒಂದು ಪಂಗಡ ಕಾಳುಕಡಿ ಹೊರುವುದು, ಒಂದು ಅಕ್ಕಿ, ಒಂದು ಬೇಳೆ, ಇನ್ನೊಂದು ಉಪ್ಪು. ಅವನ ಲೆಕ್ಕ ಪೂರ್ತಿ ಸರಿಯೋ ತಪ್ಪೋ, ಉಪ್ಪಿನ ಪಾಲು ನಾಲ್ಕರಲ್ಲಿ ಒಂದು ಅಂತಾಯಿತು. ಹೊರೆಯಿಂದಲೇ ಹೆಸರು ಬರುವುದಾದರೆ ಉಳಿದ ಮೂರು ಪಾಲಿನವರು ಯಾಕೆ ಉಪ್ಪಿನ ಹೆಸರು ಹೊತ್ತರು? ಬೇಳೆ ಹೊತ್ತವನನ್ನು ಬೇಳೆಯವ ಅನ್ನದೆ ಉಪ್ಪಿನವ ಅಂತ ಯಾರು ಕರೆದರು? ಈ ಪ್ರಶ್ನೆಯನ್ನು ಯಾವ ಜಯಂತಿಯಲ್ಲೂ ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಇನ್ನು ಅಕ್ಕಿಯ ಕತೆ. ಇಂಗ್ಲಿಷರು ಟಿಪ್ಪುವಿನ ಮೇಲೆ ಏರಿಬಂದಾಗ, 1791-92ರಲ್ಲಿ ಕಾರ್ನ್‌ವಾಲಿಸ್, 1799ರಲ್ಲಿ ಹ್ಯಾರಿಸ್ ಮತ್ತು ವೆಲ್ಲೆಸ್ಲಿ, ದಂಡಿಗೆ ಧಾನ್ಯ ಪೂರೈಸಿದವರಲ್ಲಿ ಈ ಜನ ಇದ್ದರು. ಸೈನ್ಯದ ಕಾಗದಪತ್ರಗಳಲ್ಲಿ ಇವರ ಹೆಸರು "ಬ್ರಿಂಜಾರಿ". ಕೂಡಲೇ ಪಂಡಿತರು ಹುಟ್ಟಿಕೊಂಡರು. ಫಾರ್ಸಿಯಲ್ಲಿ ಅಕ್ಕಿಗೆ ಬಿರಿಂಜ್ ಅನ್ನುತ್ತಾರಲ್ಲ, ಬಿರಿಂಜ್ ತರುವವನು ಬಿರಿಂಜಾರಿ, ಅದೇ ಬಂಜಾರ! ಬಿರಿಯಾನಿಯೂ ಅದೇ ಬಿರಿಂಜ್‌ನಿಂದ ಬಂದದ್ದು ಅನ್ನುವವರೂ ಇದ್ದಾರೆ. ಬಂಜಾರರೂ ಬಿರಿಯಾನಿಯೂ ಅಣ್ಣತಮ್ಮಂದಿರು ಅಂತ ಇನ್ನೂ ಯಾರೂ ಭಾಷಣ ಮಾಡಿಲ್ಲ, ಅಷ್ಟು ಪುಣ್ಯ. ಇನ್ನೊಬ್ಬರು ಬಂದರು, ಬನ ಅಂದರೆ ಕಾಡು, ಚರ ಅಂದರೆ ಅಲೆಯುವವ, ಬನಚರನೇ ಬಂಜಾರ ಅಂದರು. ಮತ್ತೊಬ್ಬರು "ಲಂಬ" ಅಂದರೆ ಉದ್ದ, ಉದ್ದುದ್ದ ಸಾಲಿನಲ್ಲಿ ಎತ್ತು ಹೊಡೆದುಕೊಂಡು ಹೋದದ್ದರಿಂದ ಲಂಬಾಡಿ ಅಂದರು. ಇವರದೇ ಇನ್ನೊಂದು ಹೆಸರಾದ ಸುಗಾಲಿಗೆ ಒಬ್ಬರು ಸುಪಾರಿ ತಂದರು, ಇನ್ನೊಬ್ಬರು "ಒಳ್ಳೆಯ ಗೋವಳ" ಅಂತ ಬಿಡಿಸಿದರು. ಉಪ್ಪು, ಅಕ್ಕಿ, ಅಡಕೆ, ಕಾಡು, ಹಸು, ಸಾಲು. ಒಂದು ಜನರ ಹೆಸರಿನಲ್ಲಿ ಒಂದು ಕಿರಾಣಿ ಅಂಗಡಿಯೇ ತೆರೆದಿದೆ, ಯಾರಿಗೆ ಏನು ಬೇಕೋ ಕಟ್ಟಿಸಿಕೊಂಡು ಹೋಗಬಹುದು.

ಇವರಲ್ಲೆಲ್ಲ ಹೆಚ್ಚು ಗಟ್ಟಿಯಾದ ಮಾತು ಆಡುವವರು ಬಂಜಾರ ಅನ್ನುವುದನ್ನು ಸಂಸ್ಕೃತದ ವಣಿಜ್, ವಾಣಿಜ್ಯಕ್ಕೆ ಜೋಡಿಸುತ್ತಾರೆ. ನಿಘಂಟುಕಾರರ ಒಲವೂ ಹೆಚ್ಚಾಗಿ ಇದರ ಕಡೆಗೇ. ಸರಿ, ಒಪ್ಪೋಣ. ನನ್ನ ಜಗಳ ಇಲ್ಲಿಂದ ಶುರುವಾಗುತ್ತದೆ, ಯಾಕೆಂದರೆ ಇಲ್ಲಿ ನಾನೇ ಸಿಕ್ಕಿಬೀಳುತ್ತೇನೆ.

ನಾನು ಹುಟ್ಟಿದ್ದು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಬಣಜಿಗರ ಮನೆಯಲ್ಲಿ. ಬಣಜಿಗ ಅನ್ನುವ ಮಾತನ್ನು ಪಂಡಿತರು ಎಲ್ಲಿಗೆ ಒಯ್ಯುತ್ತಾರೆ? ಅದೇ ವಣಿಜ್‌ಗೆ. ನಮ್ಮ ಐಹೊಳೆಯ ಐನೂರ್ವರ ಶಾಸನಗಳಲ್ಲಿ "ವೀರಬಣಂಜು ಧರ್ಮ" ಅಂತ ಬರುತ್ತದೆ, ಬಣಂಜು ಅಂದರೆ ವ್ಯಾಪಾರ, ಆ ವ್ಯಾಪಾರದ ಒಕ್ಕೂಟ. ಹಿಂದಿಯ ಬನಿಯಾ ಕೂಡ ಅದೇ ಕುಟುಂಬ. ಹಾಗಾದರೆ ನಿಘಂಟಿನ ಲೆಕ್ಕದಲ್ಲಿ ನಾನೂ, ಗುಜರಾತದ ಬನಿಯಾ ಸೇಠನೂ, ನಮ್ಮೂರ ಹಿಂದಿನ ತಾಂಡಾದ ರಾಠೋಡನೂ ಒಂದೇ ಬೇರಿನ ಕಾಯಿಗಳು. ಈ ಮಾತನ್ನು ಬಾಗೇವಾಡಿಯ ಯಾವ ಬಣಜಿಗರ ಮದುವೆ ಮನೆಯಲ್ಲಾದರೂ ಒಮ್ಮೆ ಹೇಳಿ ನೋಡಿ. "ಬಂಜಾರರೂ ನಾವೂ ಒಂದೇ ಮೂಲದವರು, ಬೀಗತನ ಮಾಡೋಣ" ಅನ್ನಿ. ಊಟಕ್ಕೆ ಕೂರಿಸುತ್ತಾರೋ ಎಬ್ಬಿಸುತ್ತಾರೋ ನೋಡಿಕೊಳ್ಳಿ. ತಾಂಡಾದಲ್ಲಿ ಹೋಗಿ ಹೇಳಿದರೂ ಅಷ್ಟೆ, ಅವರೂ ನಗುತ್ತಾರೆ.

ಇದು ಬರೀ ಚೇಷ್ಟೆಯ ಮಾತಲ್ಲ. ಭೀಮಾ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅಲ್ಲಿ ಬಂಜಾರರೂ ಇದ್ದಾರೆ, ವಂಜಾರಿಗಳೂ ಇದ್ದಾರೆ. ಕಿವಿಗೆ ಒಂದೇ ಹೆಸರಿನ ಎರಡು ಉಚ್ಚಾರ. ಆದರೆ ಭಾಷೆ ಬೇರೆ, ಬೀಗತನ ಬೇರೆ, ಸರ್ಕಾರದ ಪಟ್ಟಿಯಲ್ಲೂ ಬೇರೆ ಬೇರೆ ಕೋಣೆ. ಬಂಜಾರರು ವಿಮುಕ್ತ ಜಾತಿ, ವಂಜಾರಿಗಳು ಅಲೆಮಾರಿಗಳ ಇನ್ನೊಂದು ವರ್ಗ. ಎರಡೂ ಒಂದೇ ಅಂತ ಒಬ್ಬರು, ಅಲ್ಲ ಅಂತ ಇನ್ನೊಬ್ಬರು ಅಲ್ಲಿ ವರ್ಷಗಟ್ಟಲೆ ಕಾದಾಡಿದ್ದಾರೆ. ಶಬ್ದದ ಬೇರು ಒಂದಾಗಿದ್ದರೆ ಜನರ ಬೇರು ಒಂದು ಅನ್ನುವ ನಂಬಿಕೆ ಎಷ್ಟು ಟೊಳ್ಳು ಅನ್ನುವುದಕ್ಕೆ ಬೇರೆ ಪುರಾವೆ ಬೇಕಾ? ನಮ್ಮ ಕಡೆಯ ಉಪ್ಪಾರರನ್ನೇ ನೋಡಿ. ಅವರ ಹೆಸರಿನಲ್ಲಿ ಉಪ್ಪು ಯಾವ ಪಂಡಿತನ ಸಹಾಯವಿಲ್ಲದೆ ಕಣ್ಣಿಗೆ ಕಾಣುತ್ತದೆ. ಅವರು ಮನೆ ಕಟ್ಟುತ್ತಾರೆ, ಕಲ್ಲು ಮಣ್ಣಿನ ಕೆಲಸ ಮಾಡುತ್ತಾರೆ, ಭಗೀರಥನ ವಂಶದವರು ಅಂತ ಹೇಳಿಕೊಳ್ಳುತ್ತಾರೆ. ಉಪ್ಪಾರರೂ ಲಂಬಾಣಿಗಳೂ ಉಪ್ಪಿನ ಸಂಬಂಧದಿಂದ ನೆಂಟರು ಅಂತ ಯಾರಾದರೂ ಅನ್ನುತ್ತಾರೇನು?

ಹೆಸರಿನ ಮೂಲ ಹುಡುಕಲೇಬಾರದು ಅನ್ನುವ ವೈರಾಗ್ಯ ನನ್ನದಲ್ಲ. ಹುಡುಕುವುದಾದರೆ ಹೇಗೆ ಹುಡುಕಬೇಕು ಅನ್ನುವುದಕ್ಕೂ ಒಂದು ಮಾದರಿ ಇದೆ. ಯುರೋಪಿನಲ್ಲಿ ಜಿಪ್ಸಿಗಳು ಅಂತ ಊರವರು ಕರೆಯುವ ಜನ ತಮ್ಮನ್ನು ತಾವು ರೋಮ್ ಅನ್ನುತ್ತಾರೆ. 1971ರಲ್ಲಿ ಲಂಡನ್ ಬಳಿ ಸೇರಿದ ಅವರ ಮೊದಲ ವಿಶ್ವ ಸಮ್ಮೇಳನ ಈ ಹೆಸರನ್ನೇ ಎತ್ತಿ ಹಿಡಿಯಿತು. ಈ ರೋಮ್ ನಮ್ಮ ದೇಶದ ಡೋಮ್ ಅನ್ನುವ ಹೆಸರಿನಿಂದ ಬಂದದ್ದು ಅಂತ ಭಾಷಾವಿಜ್ಞಾನಿಗಳು ಹೇಳುವುದು ಬರೀ ಕಿವಿಯ ಹೋಲಿಕೆಯಿಂದಲ್ಲ. ಪಶ್ಚಿಮ ಏಷ್ಯಾದಲ್ಲಿ ಉಳಿದ ಅಂಥದೇ ಒಂದು ಗುಂಪು ತನ್ನನ್ನು ಡೋಮ್ ಅನ್ನುತ್ತದೆ, ಆರ್ಮೇನಿಯಾದ ಕಡೆಯದು ಲೋಮ್ ಅನ್ನುತ್ತದೆ. ಒಂದು ಕಡೆ ಡ, ಒಂದು ಕಡೆ ರ, ಒಂದು ಕಡೆ ಲ. ಈ ಬದಲಾವಣೆ ಆ ಭಾಷೆಗಳ ಬೇರೆ ಶಬ್ದಗಳಲ್ಲೂ ನಿಯಮದಂತೆ ನಡೆದಿದೆ. ಅದಕ್ಕೆ ಪುರಾವೆ ಅನ್ನಬಹುದು. ನಮ್ಮ ಲವಣವಾದಿಗಳು ಇಂಥ ಒಂದು ಸಾಲನ್ನಾದರೂ ಕಟ್ಟಿ ತೋರಿಸಲಿ, ನಾನೇ ಶಾಲು ಹೊದಿಸುತ್ತೇನೆ.

ಅಷ್ಟು ಗಟ್ಟಿ ಪುರಾವೆ ಇದ್ದರೂ ಗೊತ್ತಾದದ್ದೇನು? ಇವತ್ತು ರೋಮಾನಿ ಭಾಷೆಯಲ್ಲಿ ರೋಮ್ ಅಂದರೆ ಗಂಡ, ನಮ್ಮವ. ಅವರ ಪೈಕಿ ಅಲ್ಲದವನು ಗಾಜೋ. ಸಾವಿರ ವರ್ಷದ ಹಿಂದೆ ಆ ಮಾತಿನ ಅರ್ಥ ಏನೇ ಇರಲಿ, ಇವತ್ತು ಅದರ ಅರ್ಥ ಗಾಜೋ ಅನ್ನುವ ಮಾತಿನ ಎದುರು ನಿಂತಿದೆ. ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಮನಸ್ಸಿಗೆ ಇಳಿದದ್ದು ಸಿಂದಗಿ ತಾಲ್ಲೂಕಿನ ಒಂದು ತಾಂಡಾದಲ್ಲಿ.

2025ರ ಮೇ ತಿಂಗಳು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆ. ಸಾಲಿ ಮಾಸ್ತರರಾದ ನಮಗೆ ಮೊಬೈಲು ಹಿಡಿದು ಮನೆಮನೆ ಅಲೆಯುವ ಕೆಲಸ. ಬಿಸಿಲು ಹೇಳುವಂತಿಲ್ಲ, ಯರಿಯ ಹೊಲಗಳು ಬಾಯಿಬಿಟ್ಟುಕೊಂಡು ಬಿದ್ದಿದ್ದವು, ಒಂದೊಂದು ಬಿರುಕಿನಲ್ಲಿ ಕೈ ಮೊಣಕೈತನಕ ಇಳಿಯುವಂತಿತ್ತು. ತಗಡಿನ ಮನೆಯ ಮುಂದೆ ಬೇವಿನ ನೆರಳಲ್ಲಿ ಒಬ್ಬ ಮುದುಕಿ ಕೂತಿದ್ದಳು. ಮಗ ಸೊಸೆ ಗೋವಾಕ್ಕೆ ದುಡಿಯಲಿಕ್ಕೆ ಹೋಗಿದ್ದರು. ಜೊತೆಯಲ್ಲಿ ಮೊಮ್ಮಗ, ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುವ ಹುಡುಗ, ರಜೆಗೆ ಬಂದಿದ್ದ.

"ಯಾವ ಜಾತಿ ಅಂತ ಬರಕೊಳ್ಳಲಿ ಯವ್ವಾ?" ಅಂದೆ.

"ಲಮಾಣ್ಯಾರ ಅಂತ ಬರಕೋರಿ" ಅಂದಳು ಮುದುಕಿ.

"ಲಮಾಣ್ಯಾರ ಅಲ್ಲರಿ ಸರ್, ಬಂಜಾರ ಅಂತ ಬರೀರಿ" ಅಂದ ಮೊಮ್ಮಗ.

ಇಬ್ಬರ ನಡುವೆ ಅವರ ಮಾತಿನಲ್ಲಿ ಒಂದು ಸಣ್ಣ ಜಗಳ ನಡೆಯಿತು. ಅದರಲ್ಲಿ ಎರಡು ಮೂರು ಸಲ "ಗೋರ್" ಅನ್ನುವುದು ಕಿವಿಗೆ ಬಿತ್ತು. ಹಾಗಂದರೆ ಏನು ಅಂತ ಕೇಳಿದೆ, ಗೊತ್ತಿದ್ದರೂ ಕೇಳಿದೆ. ಹುಡುಗ ಗೋಮಾತೆ, ಗೋರಕ್ಷಣೆ, ಘೋರಿ, ಪೃಥ್ವಿರಾಜ ಅಂತ ಏನೇನೋ ಶುರು ಮಾಡಿದ. ಮುದುಕಿ ಅವನನ್ನು ತಡೆದು, ಕೈ ತನ್ನ ಎದೆಗೆ ತಾಗಿಸಿ, ಆಮೇಲೆ ನನ್ನ ಕಡೆ ತೋರಿಸಿ, "ಗೋರ್ ಅಂದ್ರ ನಾವು. ಕೋರ್ ಅಂದ್ರ ನೀವು. ಅಷ್ಟ" ಅಂದಳು.

ಮೂವತ್ತು ವರ್ಷ ಕೇಳಿದ ಉಪನ್ಯಾಸಗಳಲ್ಲಿ ನನಗೆ ಸಿಗದ ಉತ್ತರ ಇದು. ಗೋರ್ ಮತ್ತು ಕೋರ್ ಜೋಡಿ ಮಾತುಗಳು. ಒಂದನ್ನು ಕಿತ್ತು ಇನ್ನೊಂದಕ್ಕೆ ಅರ್ಥ ಹುಡುಕಲಿಕ್ಕೆ ಬರುವುದಿಲ್ಲ. ಸೇವಾಲಾಲರ ಹೆಸರಿನಲ್ಲಿ ಅವರು ಮಾಡುವ ಪ್ರಾರ್ಥನೆಯಲ್ಲಿ ಗೋರರಿಗೂ ಕೋರರಿಗೂ ಇಬ್ಬರಿಗೂ ಒಳ್ಳೆಯದಾಗಲಿ ಅಂತ ಬೇಡಿಕೊಳ್ಳುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಪ್ರಾರ್ಥನೆಗೆ ಹಸುವೂ ಬೇಕಾಗಿಲ್ಲ, ಅಫಘಾನಿಸ್ತಾನದ ಘೋರ್ ಪ್ರಾಂತವೂ ಬೇಕಾಗಿಲ್ಲ. ನೂರಾರು ವರ್ಷ ಊರಿಂದೂರಿಗೆ ಎತ್ತು ಹೊಡೆದುಕೊಂಡು ಹೋಗುವವರಿಗೆ ಪ್ರತಿ ಊರಿನಲ್ಲೂ ಎದುರಾಗುವವರು ಬೇರೆ ಭಾಷೆಯವರು, ಬೇರೆ ದೇವರವರು. ಅವರನ್ನೆಲ್ಲ ಒಂದೇ ಮಾತಿನಲ್ಲಿ ಕರೆಯಲಿಕ್ಕೆ ಕೋರ್, ತಮ್ಮವರನ್ನು ಕರೆಯಲಿಕ್ಕೆ ಗೋರ್. ಬ್ರಿಟನ್ನಿನ ವೇಲ್ಸ್ ಜನರಿಗೂ ಹೀಗೇ ಆಗಿದೆ. ವೆಲ್ಷ್ ಅನ್ನುವುದು ಪಕ್ಕದ ಇಂಗ್ಲಿಷರು ಇಟ್ಟ ಹೆಸರು, ಅದರ ಹಳೆಯ ಅರ್ಥ ಪರಕೀಯ. ಅವರು ತಮ್ಮನ್ನು ಕರೆದುಕೊಳ್ಳುವುದು ಕುಮ್ರಿ ಅಂತ, ಅಂದರೆ ಒಂದೇ ನಾಡಿನ ಜೊತೆಗಾರರು. ತಮ್ಮದೇ ನೆಲದಲ್ಲಿ ಕೂತವರನ್ನು ಪರಕೀಯರು ಅಂತ ಕರೆದ ಹೆಸರು ಜಗತ್ತಿನ ನಕ್ಷೆಯಲ್ಲಿ ಉಳಿದುಬಿಟ್ಟಿದೆ.

ಗೋರ್ ಹೆಸರಿನ ಸುತ್ತ ಈಗ ಬೆಳೆಯುತ್ತಿರುವ ವೈಭವದ ಕತೆಗಳ ಬಗ್ಗೆಯೂ ಸುಮ್ಮನಿರಲಾರೆ. ಮೆಚ್ಚುವವರ ತಪ್ಪನ್ನು ತಪ್ಪು ಅನ್ನದಿದ್ದರೆ ವಿರೋಧಿಗಳ ತಪ್ಪಿನ ಮೇಲೆ ಮಾತಾಡುವ ಬಾಯಿ ನನಗೆ ಉಳಿಯುವುದಿಲ್ಲ. ಗೋರ್ ಅಂದರೆ ಗೌರವರ್ಣದವರು, ಗೋರ್ ಅಂದರೆ ಗೌಡದೇಶದವರು, ಗೋರ್ ಅಂದರೆ ಗೌರ್ ರಜಪೂತರು, ಗೋರ್ ಅಂದರೆ ಗೋವು ಕಾಯ್ದವರು. ಚವ್ಹಾಣ ಅನ್ನುವ ಅಡ್ಡಹೆಸರಿದೆ, ಆದ್ದರಿಂದ ಪೃಥ್ವಿರಾಜ ಚೌಹಾನನ ಕುಲ. ನಮ್ಮ ತಾಂಡಾಗಳಲ್ಲಿ ಚವ್ಹಾಣ, ಪವಾರ, ಜಾಧವ, ರಾಠೋಡ ಇದ್ದಾರೆ. ಹೊಳೆಯಾಚೆ ಸೊಲ್ಲಾಪುರದಲ್ಲಿ ಚವ್ಹಾಣ, ಪವಾರ, ಜಾಧವ ಅಂದರೆ ಮೊದಲು ನೆನಪಾಗುವವರು ಮರಾಠರು. ಅವರಲ್ಲಿ ಯಾರು ಪೃಥ್ವಿರಾಜನ ಮೊಮ್ಮಕ್ಕಳು? ಅಡ್ಡಹೆಸರುಗಳೂ ಹೊರೆ ಎತ್ತಿನಂತೆ ದಾರಿಯಲ್ಲಿ ಸಿಕ್ಕದ್ದನ್ನು ಬೆನ್ನಿಗೆ ಹಾಕಿಕೊಂಡು ನಡೆದಿವೆ. 14,000 ಎತ್ತಿನ ತಾಂಡಾ ಕಟ್ಟಿ, ನೀರು ಎಲ್ಲಿ, ಮೇವು ಎಲ್ಲಿ, ಕಳ್ಳರು ಎಲ್ಲಿ ಅಂತ ಲೆಕ್ಕ ಹಾಕಿ, ನಾಯಕ, ಡಾವೋ, ಕಾರಭಾರಿ ಅಂತ ತಮ್ಮೊಳಗೇ ಪಂಚಾಯಿತಿ ನಡೆಸಿ, ಅರ್ಧ ಹಿಂದೂಸ್ಥಾನಕ್ಕೆ ಅನ್ನ ತಲುಪಿಸಿದ ಜನಕ್ಕೆ ದಿಲ್ಲಿಯ ಒಬ್ಬ ಸೋತ ರಾಜನ ಸರ್ಟಿಫಿಕೇಟು ಯಾಕೆ ಬೇಕು? ಮುದುಕಿಗೆ ಬೇಕಾಗಿರಲಿಲ್ಲ. ಮೊಮ್ಮಗನಿಗೆ ಬೇಕಾಗಿದೆ, ಯಾಕೆಂದರೆ ಹಾಸ್ಟೆಲಿನಲ್ಲಿ ಅವನಿಗೆ ದಿನಾ ಯಾರೋ ಏನೋ ಅನ್ನುತ್ತಾರೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಅವನಿಗೆ ಈ ಕತೆಗಳನ್ನು ಅಚ್ಚು ಹಾಕಿಸಿ ಹಂಚುವವರ ಮೇಲೆ.

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಸ್ವಲ್ಪ ವಿನಯ ಇರಬೇಕಿತ್ತು. ನಮ್ಮದೇ ಹೆಸರಿನ ಜಗಳ ಇನ್ನೂ ತೀರಿಲ್ಲ. ಗುಂಡರ್ಟ್, ಕಾಲ್ಡ್‌ವೆಲ್ ಕಾಲದಿಂದ ಕರ್ನಾಡು ಅಂದರೆ ಕರಿಮಣ್ಣಿನ ನಾಡು ಅಂತ ಒಂದು ವಾದ. ಅಲ್ಲ, ಕರು ಅಂದರೆ ಎತ್ತರ, ಎತ್ತರದ ನಾಡು ಅಂತ ಇನ್ನೊಂದು. ಕರಿಮಣ್ಣಿನ ವಾದ ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುವ ನಮ್ಮ ಡೋಣಿ ಸಾಲಿನಷ್ಟು ಕಪ್ಪು ಮಣ್ಣು ಇನ್ನೆಲ್ಲಿದೆ? ಆ ಲೆಕ್ಕದಲ್ಲಿ ಅಸಲಿ ಕನ್ನಡಿಗರು ನಾವು, ಕೆಂಪುಮಣ್ಣಿನ ಬೆಂಗಳೂರಿನವರು ನಕಲಿ. ಈ ವಾದ ಮಾಡಿದರೆ ಯಾರಾದರೂ ಕೇಳುತ್ತಾರೇನು? 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಆದಾಗ ಮಣ್ಣಿನ ಬಣ್ಣ ಪರೀಕ್ಷೆ ಮಾಡಿ ಹೆಸರಿಡಲಿಲ್ಲ. ನಮ್ಮ ಹೆಸರಿನ ಬೇರು ಗೊತ್ತಿಲ್ಲದಿದ್ದರೂ ನಾವು ಕನ್ನಡಿಗರಾಗಿ ನಿಶ್ಚಿಂತೆಯಿಂದ ಇದ್ದೇವೆ. ಆ ನಿಶ್ಚಿಂತೆಯನ್ನು ತಾಂಡಾದವರಿಗೆ ಬಿಟ್ಟುಕೊಡಲಿಕ್ಕೆ ಮಾತ್ರ ನಮಗೆ ಮನಸ್ಸಿಲ್ಲ. "ನೀವು ಮೂಲತಃ ಎಲ್ಲಿಯವರು?" ಅನ್ನುವ ಪ್ರಶ್ನೆ ಒಬ್ಬರಿಗೆ ಮಾತ್ರ ಹಾಕುವುದು, ಇನ್ನೊಬ್ಬರಿಗೆ ಹಾಕದೇ ಇರುವುದು, ಇದರಲ್ಲಿಯೇ ಎಲ್ಲ ಅಡಗಿದೆ.

ಈ ಚಟ ಎಲ್ಲಿಂದ ಬಂತು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. 1884ರಲ್ಲಿ ಮುಂಬಯಿ ಸರ್ಕಾರದ ಬಿಜಾಪುರ ಗ್ಯಾಝೆಟಿಯರ್ ಅಚ್ಚಾಯಿತು. ಅದೇ ಹೊತ್ತಿಗೆ ಹೋಟಗಿಯಿಂದ ಗದಗದ ತನಕ ರೈಲು ಹಳಿ ಬಿದ್ದು, ಇಂಡಿ ರೋಡ್ ಸ್ಟೇಶನ್ನಿನಲ್ಲಿ ವ್ಯಾಗನ್ನುಗಳು ನಿಲ್ಲತೊಡಗಿದವು. ಎತ್ತಿನ ಬೆನ್ನಿನ ಹೊರೆ ವ್ಯಾಗನ್ನಿಗೆ ಹೋಯಿತು. ಹೊರೆ ಇಲ್ಲದೆ ತಿರುಗುವವನು ಸರ್ಕಾರದ ಕಣ್ಣಿಗೆ ಸಂಶಯದವನಾದ. ಸಂಶಯದವನ ಬಗ್ಗೆ ಮೊದಲು ಕೇಳುವ ಪ್ರಶ್ನೆ, ಎಲ್ಲಿಯವನು? ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಮೇಲೆ ಏಳು ಸಂಪುಟ ತಂದ, ಎಂಥೋವೆನ್ 1920ರಿಂದ 22ರೊಳಗೆ ಮುಂಬಯಿ ಪ್ರಾಂತದ ಮೇಲೆ ಮೂರು ಸಂಪುಟ ತಂದ. ಇಂಥ ಗ್ರಂಥಗಳಲ್ಲಿ ಒಂದು ಜಾತಿಯ ಬಗ್ಗೆ ಬರೆಯುವುದು ಅಂದರೆ ಆ ಹೆಸರಿನ ಅರ್ಥ, ಆಮೇಲೆ ಎಲ್ಲಿಂದ ಬಂದವರು, ಆಮೇಲೆ ಸ್ವಭಾವ. ಹೆಸರಿನಿಂದ ಸ್ವಭಾವಕ್ಕೆ ಎರಡೇ ಹೆಜ್ಜೆ. ನಮ್ಮ ಕನ್ನಡದ ಎಷ್ಟೋ ಜಾತಿಕೋಶಗಳು, ಅಭಿನಂದನಾ ಗ್ರಂಥಗಳು, ಪಿಎಚ್.ಡಿ. ಪ್ರಬಂಧಗಳು ಇದೇ ಅಚ್ಚಿನಲ್ಲಿ ಎರಕ ಹೊಯ್ದವು. ಮೊದಲ ಅಧ್ಯಾಯ: "ಪದ ನಿಷ್ಪತ್ತಿ". ಎರಡನೆಯದು: "ಮೂಲ ಮತ್ತು ವಲಸೆ". ಜನ ಇವತ್ತು ಏನು ಉಣ್ಣುತ್ತಾರೆ, ಯಾವ ಗುತ್ತಿಗೆದಾರನ ಮುಂಗಡ ತಿಂದು ಗೋವಾಕ್ಕೆ ಹೋಗುತ್ತಾರೆ ಅನ್ನುವುದು ಎಲ್ಲೋ ಕೊನೆಯ ಅಧ್ಯಾಯದ ಕೊನೆಯ ಪುಟಕ್ಕೆ.

ಇದರಿಂದ ನಷ್ಟ ಏನು ಅನ್ನುವವರು ಭೀಮಾ ನದಿಯ ದಂಡೆಗೆ ಬರಲಿ. ಇಂಡಿ ತಾಲ್ಲೂಕಿನ ಈಚೆ ದಂಡೆಯ ತಾಂಡಾದವರು ಪರಿಶಿಷ್ಟ ಜಾತಿ. ಅದೂ 1977ರಿಂದ, ಅಲ್ಲಿತನಕ ಹಳೆ ಮೈಸೂರಿನ ಲಂಬಾಣಿಗೆ ಇದ್ದ ಆ ಹಕ್ಕು ನಮ್ಮ ವಿಜಾಪುರದವನಿಗೆ ಇರಲಿಲ್ಲ. ಆಚೆ ದಂಡೆಯಲ್ಲಿ ಅವರದೇ ಬೀಗರು ವಿಮುಕ್ತ ಜಾತಿ. ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆಗೆ ಸೊಸೆಯಾಗಿ ಹೋದ ಹುಡುಗಿ ಹೊಳೆ ದಾಟುವಷ್ಟರಲ್ಲಿ ಸರ್ಕಾರದ ಲೆಕ್ಕದಲ್ಲಿ ಬೇರೆ ಜಾತಿಯ ಪಟ್ಟಿಗೆ ಸೇರಿರುತ್ತಾಳೆ. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ಮರಾಠರ ಮೀಸಲಾತಿಗೆ ಹೈದರಾಬಾದ್ ಗ್ಯಾಝೆಟ್ ಆಧಾರ ಅಂತ ಒಪ್ಪಿಕೊಂಡ ಕೂಡಲೇ, ಅದೇ ಗ್ಯಾಝೆಟ್ಟಿನಲ್ಲಿ ನಮ್ಮನ್ನು ಬುಡಕಟ್ಟು ಅಂದಿದೆ ಅಂತ ಬಂಜಾರರು ಬೀದಿಗಿಳಿದರು. ತಪ್ಪೇನಿಲ್ಲ, ಸರ್ಕಾರವೇ ಹಳೆಯ ಕಾಗದದ ಭಾಷೆ ಕಲಿಸಿದ ಮೇಲೆ ಜನ ಅದೇ ಭಾಷೆಯಲ್ಲಿ ಮಾತಾಡುತ್ತಾರೆ. ಆದರೆ ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರವನ್ನು ನೂರು ವರ್ಷದ ಹಿಂದೆ ಒಬ್ಬ ಗುಮಾಸ್ತ ಯಾವ ಹೆಸರು ಬರೆದ ಅನ್ನುವುದರಲ್ಲಿ ಹುಡುಕುವ ಗತಿ ಬರಬಾರದಿತ್ತು.

ಜನಗಣತಿಯ ಭಾಷೆಯ ಲೆಕ್ಕ ಇನ್ನೂ ಸೊಗಸು. 2011ರಲ್ಲಿ "ಲಮಾಣಿ/ಲಂಬಾಡಿ" ನಮ್ಮ ತಾಯಿನುಡಿ ಅಂದವರು 32 ಲಕ್ಷ 76 ಸಾವಿರ. "ಬಂಜಾರಿ" ಅಂದವರು 15 ಲಕ್ಷ 81 ಸಾವಿರ. ಕೂಡಿಸಿದರೆ ಸುಮಾರು 48 ಲಕ್ಷ 57 ಸಾವಿರ. ಕೂಡಿಸುವುದಿಲ್ಲ. ಎರಡು ಹೆಸರು, ಎರಡು ಸಾಲು, ಎರಡನ್ನೂ ಹಿಂದಿಯ ಚೀಲಕ್ಕೆ ಹಾಕಿದ್ದಾರೆ. ತಮ್ಮ ಮಾತನ್ನು ಅವರು ಕರೆಯುವುದು ಗೋರಬೋಲಿ ಅಂತ. ಆ ಹೆಸರಿಗೆ ಅಲ್ಲಿ ಸಾಲೇ ಇಲ್ಲ. ನಮ್ಮ ರಾಜ್ಯದ ಪರಿಶಿಷ್ಟರ ಪಟ್ಟಿಯಲ್ಲೂ ಬಂಜಾರ, ಲಂಬಾಣಿ, ಲಂಬಾಡ, ಲಂಬಾಡಿ, ಲಮಾಣಿ, ಸುಗಾಲಿ, ಸುಕಾಲಿ ಅಂತ ಏಳು ಹೆಸರಿವೆ. ಊರವರು ಕರೆದದ್ದೆಲ್ಲ ಇದೆ. ಮುದುಕಿ ಎದೆ ಮುಟ್ಟಿಕೊಂಡು ಹೇಳಿದ್ದು ಇಲ್ಲ.

ಊರಿನ ಹೆಸರಿನ ಗತಿಯೂ ಇದೇ. ನಮ್ಮ ಜಿಲ್ಲೆಯ ತಾಂಡಾಗಳ ಸಾಲಿಗಳ ಮೇಲಿನ ಬೋರ್ಡು ನೋಡಿದ್ದೀರಾ? ಪಕ್ಕದ ಊರಿನ ಹೆಸರು ಬರೆದು ಮುಂದೆ "ಎಲ್.ಟಿ. ನಂ. 1", "ಎಲ್.ಟಿ. ನಂ. 2". ಎಲ್.ಟಿ. ಅಂದರೆ ಲಮಾಣಿ ತಾಂಡಾ. ಜೈಲಿನ ಕೋಣೆಗೆ ನಂಬರು ಹಾಕಿದ ಹಾಗೆ. ಒಂದನೆ ಇಯತ್ತೆಯ ಕೂಸು ತನ್ನ ಊರಿನ ಹೆಸರು ಬರೆಯಲಿಕ್ಕೆ ಕಲಿಯುವಾಗ ಎರಡು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಕಲಿಯುತ್ತದೆ. ತಾಂಡಾದೊಳಗೆ ಹೋಗಿ ಕೇಳಿದರೆ ಅದಕ್ಕೆ ಹಳೆಯ ನಾಯಕನ ಹೆಸರೋ, ಹಳ್ಳದ ಹೆಸರೋ ಇದ್ದೇ ಇರುತ್ತದೆ. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಬಂದು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ದಾಖಲೆಯಲ್ಲೇ ಇಲ್ಲದ ಜನವಸತಿಗಳು ಕಂದಾಯ ಗ್ರಾಮಗಳಾದವು. ಅದು ನಿಜಕ್ಕೂ ದೊಡ್ಡ ಮಾತು. ಅಲ್ಲಿತನಕ ಎಷ್ಟೋ ಮನೆಯವರಿಗೆ ತಾವು ಕೂತ ನೆಲ ತಮ್ಮದು ಅನ್ನುವ ಕಾಗದ ಇರಲಿಲ್ಲ. ಜನರ ಹೆಸರು ಎಲ್ಲಿಂದ ಬಂತು ಅಂತ ನೂರು ವರ್ಷ ತಲೆ ಕೆಡಿಸಿಕೊಂಡ ನಾವು, ಅವರು ಇರುವ ಜಾಗಕ್ಕೆ ಒಂದು ಹೆಸರು ಬರೆಯಲಿಕ್ಕೆ ಇಷ್ಟು ತಡಮಾಡಿದೆವು.

ಇಷ್ಟು ಕೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ನನ್ನ ಗೆಳೆಯರೇ, ತಾಂಡಾದಲ್ಲಿ ಹುಟ್ಟಿ ಕಾಲೇಜಿನಲ್ಲಿ ಪಾಠ ಮಾಡುವವರೇ ಎತ್ತಿದ್ದಾರೆ. "ನಿಮಗೇನ್ರಿ, ನಿಮಗೆ ಶಾಸನ ಐತಿ, ವಚನ ಐತಿ. ನಮಗ ಬರವಣಿಗಿ ಇಲ್ಲ. ಇರೂದು ಹೆಸರೊಂದ. ಅದನ್ನ ಹಿಡಕೊಂಡು ನಮ್ಮ ಇತಿಹಾಸ ಹುಡಕೂದು ತಪ್ಪೇನು?" ತಪ್ಪಲ್ಲ. ಆದರೆ ಇರುವುದು ಹೆಸರೊಂದೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗೋರಬೋಲಿಯ ವ್ಯಾಕರಣ ಇದೆ. ಯಾವ ಗೋತ್ರದವರು ಯಾವ ಗೋತ್ರದಲ್ಲಿ ಹೆಣ್ಣು ತರುವುದಿಲ್ಲ ಅನ್ನುವ ನಿಯಮ ಇದೆ. ತೀಜ್ ಹಬ್ಬದ ಹಾಡುಗಳಲ್ಲಿ ದಾರಿಯ ಊರುಗಳಿವೆ. ಕಸೂತಿಯ ಹೊಲಿಗೆಗಳಿವೆ, ಅವುಗಳಿಗೆ ಹೆಂಗಸರು ಇಟ್ಟ ಹೆಸರುಗಳಿವೆ. ಹೆಸರಿನ ಬಗ್ಗೆಯೂ ಕೆಲಸ ಇದೆ: ಯಾವ ವರ್ಷ, ಯಾವ ಕಾಗದದಲ್ಲಿ, ಯಾರು ಇವರನ್ನು ಯಾವ ಹೆಸರಿನಿಂದ ಕರೆದರು, ಆ ಹೆಸರಿನಿಂದ ಏನು ಕಿತ್ತುಕೊಂಡರು, ಏನು ಕೊಟ್ಟರು. ಇದು ವರ್ಷಗಟ್ಟಲೆ ಕೂತು ಮಾಡುವ ಕೆಲಸ. ಲವಣ ಅನ್ನಲಿಕ್ಕೆ ಒಂದು ನಿಮಿಷ ಸಾಕು, ಅದಕ್ಕೇ ಎಲ್ಲರೂ ಅದನ್ನೇ ಅನ್ನುತ್ತಾರೆ.

ಮತ್ತೆ ಆ ಬೇವಿನ ನೆರಳಿಗೆ ಬರುತ್ತೇನೆ. ಅಜ್ಜಿ ಮೊಮ್ಮಗನ ಜಗಳ ಮುಗಿಯದಾಗ ಹುಡುಗ ಗೋವಾಕ್ಕೆ ಅಪ್ಪನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದ. ಹಿಂದೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು. "ಸರ್, ಕಾಸ್ಟ್ ಸರ್ಟಿಫಿಕೇಟ್‌ನ್ಯಾಗ ಏನೈತಿ ಅದನ್ನ ಬರೀರಿ. ಅಕ್ಷರ ಒಂದೂ ಆಚೀಚೆ ಆಗಬಾರದು, ನಾಳೆ ಹುಡುಗಗ ನೌಕರಿಗೆ ತ್ರಾಸ ಆಗತೈತಿ" ಅಂದ. ಸರ್ಟಿಫಿಕೇಟಿನಲ್ಲಿ ಇದ್ದದ್ದು ಲಂಬಾಣಿ. ಸಂತೆಯಲ್ಲಿ ಕನ್ನಡದವರೊಡನೆ ವ್ಯವಹರಿಸಿದ ಅಜ್ಜಿಗೆ ಲಮಾಣ್ಯಾರು, ಹಾಸ್ಟೆಲಿನಲ್ಲಿ ದೇಶದ ತುಂಬ ತನ್ನವರನ್ನು ಮೊಬೈಲಿನಲ್ಲಿ ಕಂಡ ಹುಡುಗನಿಗೆ ಬಂಜಾರ, ಕಚೇರಿಯ ಕಿಟಕಿಯ ಮುಂದೆ ನಿಂತು ನಿಂತು ಸಾಕಾದ ಅಪ್ಪನಿಗೆ ಲಂಬಾಣಿ. ಮೂವರೂ ಮನೆಯೊಳಗೆ ಗೋರ್. ಒಂದೇ ಮನೆಯ ನಾಲ್ಕು ಹೆಸರು, ಒಂದರಲ್ಲೂ ಉಪ್ಪಿಲ್ಲ. ಯಾರ ಎದುರಿಗೆ ನಿಂತು ಹೇಳುತ್ತಿದ್ದೇನೆ ಅನ್ನುವುದಷ್ಟೇ ಇದೆ.

ನಾನು ಲಂಬಾಣಿ ಅಂತ ಒತ್ತಿದೆ. ಮುದುಕಿ ಚಹಾ ತರಿಸಿದಳು. ಬಸಿ ಕೈಗೆ ಕೊಡುತ್ತಾ, "ಎಲ್ಲಾರದ್ದೂ ಕೇಳಿಕೋತ ಹೊಂಟೀರಿ, ನಿಮ್ಮದ್ಯಾವುದ್ರಿ ಸರ್?" ಅಂದಳು.

ಲಿಂಗಾಯತ ಅನ್ನಬೇಕೋ, ವೀರಶೈವ ಲಿಂಗಾಯತ ಅನ್ನಬೇಕೋ, ನಮ್ಮ ಮನೆಯಲ್ಲೇ ಅಣ್ಣ ಒಂದು ಅನ್ನುತ್ತಾನೆ, ನಾನೊಂದು ಅನ್ನುತ್ತೇನೆ. ಸ್ವಲ್ಪ ತಡವರಿಸಿ, "ಬಣಜಿಗರು ಯವ್ವಾ" ಅಂದೆ.

"ಹಂಗಂದ್ರ?"

"ಹಂಗಂದ್ರ... ವ್ಯಾಪಾರ ಮಾಡಾವ್ರು."

ಮುದುಕಿ ನನ್ನ ಕೊರಳಲ್ಲಿ ನೇತಾಡುತ್ತಿದ್ದ ಐಡಿ ಕಾರ್ಡನ್ನೂ, ಬಿಸಿಲಿಗೆ ಕಂದಿದ ಮುಖವನ್ನೂ, ಕೈಯಲ್ಲಿದ್ದ ಮೊಬೈಲನ್ನೂ ಒಮ್ಮೆ ನೋಡಿ, "ಮತ್ತ ಸಾಲಿ ಮಾಸ್ತರ ಅದೀನಿ ಅಂದ್ರಲ್ಲರಿ?" ಅಂದಳು.